ಬಿಸಿಯೂಟದ ಸಾರಿಗೆ ಶಾಲೆಯ ಸೊಪ್ಪು

ಕೇಳುಗರಿಗೆ ನಮಸ್ಕಾರ.

ಶಾಲಾ ಕೈತೋಟ ಅಂದ ಕೂಡಲೇ ಬದನೆ, ಟೊಮೆಟೊ, ಎಲೆಕೋಸು ಎಂದು ಹೊರಡುತ್ತೇವೆ. ಮೊದಲು ಬಿಸಿಯೂಟದ ಲೆಕ್ಕ ಹಾಕೋಣ. ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ ಕೊಡಬೇಕೆಂಬುದು ನಿಯಮ, ಆರರಿಂದ ಎಂಟನೆಯವರಿಗೆ 75 ಗ್ರಾಂ. ಅರವತ್ತು ಪುಟ್ಟ ಮಕ್ಕಳಿದ್ದರೆ ದಿನಕ್ಕೆ 3 ಕಿಲೋ ಆಯಿತು. ಶಾಲೆಯ ಹಿಂದಿನ ತುಂಡು ಜಾಗ ಇಷ್ಟನ್ನು ದಿನವೂ ಕೊಡಲಾರದು. ಹಾಗಾಗಿ ಕಾಯಿಪಲ್ಲೆ ಸಂತೆಯಿಂದಲೇ ಬರಲಿ, ನೀವು ಸೊಪ್ಪು ಬೆಳೆಯಿರಿ. ಸಂತೆಯ ಸೊಪ್ಪು ಮರುದಿನಕ್ಕೇ ಬಾಡುತ್ತದೆ.

ಒಂದು ಮೀಟರ್ ಅಗಲ, ಮೂರು ಮೀಟರ್ ಉದ್ದದ ನಾಲ್ಕು ಮಡಿ ಸಾಕು. ವಾರಕ್ಕೊಂದು ಮಡಿಯಂತೆ ಹರಿವೆ ಬಿತ್ತಿ. ನಾಲ್ಕೂ ಒಂದೇ ದಿನ ಬಿತ್ತಿದರೆ ಒಂದು ವಾರ ಸೊಪ್ಪೋ ಸೊಪ್ಪು, ಆಮೇಲೆ ಮೂರು ವಾರ ಏನೂ ಇಲ್ಲ. ಹರಿವೆ ಬೀಜ ಸಾಸಿವೆಗಿಂತ ಸಣ್ಣದು. ಒಂದು ಹಿಡಿ ಬೀಜಕ್ಕೆ ಹತ್ತು ಹಿಡಿ ಒಣ ಮರಳು ಬೆರೆಸಿ ಚೆಲ್ಲಿ, ಮೇಲೆ ತೆಳ್ಳಗೆ ಗೊಬ್ಬರದ ಪುಡಿ ಉದುರಿಸಿ. ಮಣ್ಣು ದಪ್ಪ ಮುಚ್ಚಿದರೆ ಮೊಳಕೆ ಮೇಲೇಳುವುದಿಲ್ಲ. ಬಕೆಟಿನಿಂದ ನೀರು ಸುರಿದರೆ ಬೀಜವೆಲ್ಲ ಮಡಿಯ ತುದಿಗೆ ಕೊಚ್ಚಿಹೋಗುತ್ತದೆ, ಝಾರಿಯಲ್ಲೇ ಹನಿಸಬೇಕು. ಇಪ್ಪತ್ತೈದು, ಮೂವತ್ತು ದಿನಕ್ಕೆ ಕೊಯ್ಲು.

ತಟ್ಟೆ ತೊಳೆದ ನೀರನ್ನು ಸೊಪ್ಪಿನ ಮಡಿಗೆ ಬಿಡಬೇಡಿ. ಸಾಬೂನು, ಉಪ್ಪು ಎರಡೂ ಅದರಲ್ಲಿರುತ್ತವೆ. ಬಾಳೆ ಬುಡಕ್ಕೆ ಹೋಗಲಿ.

ಬೆಳೆದದ್ದು ಅಡುಗೆಮನೆಯಲ್ಲಿ ಕೆಡುವುದೇ ಹೆಚ್ಚು. ಸೊಪ್ಪನ್ನು ತೊಳೆದು ಹೆಚ್ಚಿ, ಹೆಚ್ಚಿ ತೊಳೆಯಬೇಡಿ. ಬೇಳೆ ಬೆಂದ ಮೇಲೆ ಹಾಕಿ, ಬೆಂದ ನೀರು ಚೆಲ್ಲದಿರಿ. ಒಗ್ಗರಣೆಯ ಎಣ್ಣೆ ಇದ್ದರೇ ಸೊಪ್ಪಿನಲ್ಲಿರುವ ಎ ಜೀವಸತ್ವದ ಅಂಶ ಮೈಗೆ ಹತ್ತುವುದು. ಒಲೆಯಿಂದಿಳಿಸಿದ ಮೇಲೆ ನಿಂಬೆ ಹಿಂಡಿದರೆ ಕಬ್ಬಿಣದಂಶ ಚೆನ್ನಾಗಿ ಹೀರಿಕೆಯಾಗುತ್ತದೆ. ಅದಕ್ಕೇ ತೋಟದಲ್ಲೊಂದು ನಿಂಬೆ ಗಿಡ ಇರಲೇಬೇಕು ಅನ್ನುವುದು.

ಇನ್ನು ನುಗ್ಗೆ. ಕೊಂಬೆ ನೆಟ್ಟದ್ದಕ್ಕಿಂತ ಬೀಜದ ಗಿಡದ ಬೇರು ಆಳಕ್ಕಿಳಿಯುತ್ತದೆ, ಬರವನ್ನೂ ತಡೆಯುತ್ತದೆ. ಮೂರಡಿ ಬೆಳೆದಾಗ ಕುಡಿ ಚಿವುಟಿ, ಕವಲೊಡೆದು ಮಕ್ಕಳ ಕೈಗೆಟುಕುವಂತೆ ಹಬ್ಬುತ್ತದೆ. ಆದರೆ ತರಗತಿಯ ಕಿಟಕಿ ಪಕ್ಕ ನೆಡಬೇಡಿ. ಮಳೆಗಾಲದಲ್ಲಿ ಕಾಂಡದ ಮೇಲೆ ಕಂಬಳಿಹುಳು ಗುಂಪುಗಟ್ಟುತ್ತವೆ, ಅವುಗಳ ರೋಮ ತಗುಲಿದರೆ ಮಕ್ಕಳಿಗೆ ಮೈಯೆಲ್ಲ ತುರಿಕೆ.

ಹೆಚ್ಚಿನ ಕೈತೋಟಗಳು ಸಾಯುವುದು ಬೇಸಿಗೆ ರಜೆಯಲ್ಲಿ. ಏಪ್ರಿಲ್‌ನಲ್ಲಿ ಬೀಗ ಬಿದ್ದರೆ ಬೇಲಿ ಹಾರಿದ ಮೇಕೆಗಳದ್ದೇ ರಾಜ್ಯ. ಮಡಿಗಳನ್ನು ಖಾಲಿ ಬಿಟ್ಟು ತರಗೆಲೆ ಹೊದಿಸಿ. ಬಲಿತ ನುಗ್ಗೆಯನ್ನು ನೆಲದಿಂದ ಮೂರಡಿ ಎತ್ತರಕ್ಕೆ ಕತ್ತರಿಸಿ. ಎಳೆಯ ಗಿಡಗಳಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕುವವರು ಯಾರೆಂದು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಹೆಸರು ಹಿಡಿದೇ ಗೊತ್ತುಮಾಡಿ. ಮುಂಗಾರಿನ ಮೊದಲ ಮಳೆಗೆ ನುಗ್ಗೆ ಚಿಗುರುತ್ತದೆ, ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ಸಾರಿಗೆ ಸೊಪ್ಪು ಸಿದ್ಧ.

ನಮಸ್ಕಾರ.