ಆಗುಂಬೆ ಡ್ರೈವರ್ ರೇಸ್ ಟ್ರ್ಯಾಕಿಗೆ ಹೋದದ್ದು

ಕೇಳುಗರಿಗೆ ನಮಸ್ಕಾರ. ನಮ್ಮ ತೀರ್ಥಹಳ್ಳಿ ಕಡೆ ಒಬ್ಬನ ಡ್ರೈವಿಂಗ್ ಹೊಗಳಬೇಕು ಅಂದರೆ ಒಂದೇ ಮಾತು ಸಾಕು: 'ಆಗುಂಬೆ ಘಾಟಿ ಇಳಿಸ್ತಾನೆ ಮಾರಾಯ್ರೆ'. 14 ಹೇರ್‌ಪಿನ್ ತಿರುವು, ಮಳೆಗಾಲದಲ್ಲಿ ಹತ್ತಡಿ ಮುಂದಿನದೂ ಕಾಣದ ಮಂಜು. ಇಪ್ಪತ್ತು ವರ್ಷ ಅಲ್ಲಿ ಓಡಿಸಿದ ನನಗೂ ಒಂಚೂರು ಕೊಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ಬೆಂಗಳೂರಿನಲ್ಲಿರುವ ನಮ್ಮ ಭಾವ ಸೆಕೆಂಡ್ ಹ್ಯಾಂಡ್ ಪೋರ್ಷೆ ಕೇಮನ್ ತಗೊಂಡಿದ್ದಾರೆ. ಎರಡೇ ಸೀಟು, ಎಂಜಿನ್ ಬೆನ್ನ ಹಿಂದೆ. ಮಳೆಗಾಲದಲ್ಲೆಲ್ಲ ಅದು ನಮ್ಮ ಮನೆ ಕೊಟ್ಟಿಗೆಯ ಪಕ್ಕ ಟಾರ್ಪಾಲ್ ಹೊದ್ದು ಮಲಗಿತ್ತು. ಅಡಿಕೆ ಕೊಯ್ಲು ಮುಗಿದ ಮೇಲೆ ಭಾವ, 'ಬಾ ಮಾರಾಯ, ಚೆನ್ನೈ ಟ್ರ್ಯಾಕಲ್ಲಿ ಓಡಿಸೋಣ' ಅಂದರು. ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೈಯಲ್ಲಿದೆ ಅದು. ಒಂದು ಸುತ್ತು 3.7 ಕಿಲೋಮೀಟರ್, 12 ತಿರುವು. ಹನ್ನೆರಡೇ! ಆಗುಂಬೆಗಿಂತ ಎರಡು ಕಮ್ಮಿ.

ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ದುಡ್ಡು ಕಟ್ಟಿ, ಹೆಲ್ಮೆಟ್ ಹಾಕಿ, ಕಾಲುಗಂಟೆ ಇಪ್ಪತ್ತು ನಿಮಿಷ ಓಡಿಸಿ ಬರೋದು. ಕಪ್ಪೂ ಇಲ್ಲ, ಹಾರವೂ ಇಲ್ಲ. ಗುದ್ದಿದರೆ ಮಾಮೂಲಿ ಇನ್ಶೂರೆನ್ಸೂ ಇಲ್ಲ.

ಗಾಡಿ ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ಸ್ ಒಂದಿರುತ್ತೆ. ಅದನ್ನು ನಾನೇ ಜಂಬದಿಂದ ಆಫ್ ಮಾಡಿದೆ. ಘಾಟಿಯಲ್ಲಿ ನಮಗೊಂದು ಅಭ್ಯಾಸ, ತಿರುವಿನ ಒಳಗೆ ಹೋದ ಮೇಲೆ ಜಾಸ್ತಿ ಆಯ್ತು ಅನ್ನಿಸಿದರೆ ಆಕ್ಸಿಲರೇಟರಿಂದ ಕಾಲು ತೆಗೆದು ಬ್ರೇಕ್ ಮುಟ್ಟೋದು, ಇಪ್ಪತ್ತೈದರ ವೇಗದಲ್ಲಿ ಏನೂ ಆಗಲ್ಲ. ಇಲ್ಲಿ ನೂರರ ಹತ್ತಿರ ಅದನ್ನೇ ಮಾಡಿದೆ. ಭಾರವೆಲ್ಲ ಮುಂದಕ್ಕೆ ಬಿತ್ತು, ಹಿಂದಿನ ಚಕ್ರ ಹಗುರಾಯ್ತು, ಅಷ್ಟೇ. ಗಾಡಿ ಬುಗುರಿ ಹಾಗೆ ತಿರುಗಿ ಹುಲ್ಲಿನ ಮೇಲೆ ನಿಂತಾಗ ನಾನು ಬಂದ ದಾರಿಯನ್ನೇ ನೋಡುತ್ತಾ ಕೂತಿದ್ದೆ. ವೈಪರ್ ಬೇರೆ ಓಡುತ್ತಿತ್ತು, ಯಾವಾಗ ಕೈ ತಾಗಿತೋ.

ಪಕ್ಕದಲ್ಲಿದ್ದ ಹೇಳಿಕೊಡುವ ಹುಡುಗ ನಗಲಿಲ್ಲ, ಪುಣ್ಯಾತ್ಮ. 'ಬ್ರೇಕ್ ಎಲ್ಲ ನೇರ ರಸ್ತೆಯಲ್ಲೇ ಮುಗಿಸಿ ಸರ್' ಅಂದ. ಟೈರಿನ ಹಿಡಿತ ಒಂದು ಸೇರು ಅಕ್ಕಿ ಅಂದುಕೊಳ್ಳಿ. ಪೂರ್ತಿ ಬ್ರೇಕಿಗೇ ಸುರಿದರೆ ತಿರುಗೋದಕ್ಕೆ ಏನು ಉಳಿಯುತ್ತೆ? ಇನ್ನೊಂದು ಹೇಳಿದ, ಕಣ್ಣು ಬಾನೆಟ್ ಮುಂದೆ ಬೇಡ, ತಿರುವು ಮುಗಿಯುವ ಜಾಗ ನೋಡಿ ಅಂತ. ಅದಕ್ಕೆ ಕುತ್ತಿಗೆ ತಿರುಗಿಸಿ ಪಕ್ಕದ ಕಿಟಕಿಯಿಂದ ನೋಡಬೇಕು. ಮೊದಮೊದಲು ಹೊಟ್ಟೆ ತೊಳೆಸುತ್ತೆ, ಆಮೇಲೆ ಸ್ಟೀರಿಂಗ್ ಕಣ್ಣಿನ ಹಿಂದೆ ತಾನೇ ಹೋಗುತ್ತೆ.

ಮಧ್ಯಾಹ್ನ ಮೂರನೇ ಸುತ್ತಿಗೆ ಬ್ರೇಕ್ ಪೆಡಲ್ ಮೆತ್ತಗಾಯ್ತು. ತಪ್ಪು ನಮ್ಮದೇ, ಬ್ರೇಕ್ ಆಯಿಲ್ ಬದಲಾಯಿಸಿ ನಾಲ್ಕು ವರ್ಷವಾಗಿತ್ತು. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರೊಡೆಯುತ್ತೆ ಅಲ್ವಾ, ಬ್ರೇಕ್ ಆಯಿಲೂ ಹಾಗೇ ಗಾಳಿಯ ತೇವ ಹೀರುತ್ತೆ. ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದರಲ್ಲಿ ಕುದಿಯದೆ 230 ಡಿಗ್ರಿಯಾದರೂ ತಡೆಯಬೇಕು, ನೀರು ಕುಡಿದದ್ದು 155ರ ಹತ್ತಿರಕ್ಕೇ ಕುದಿಯಬಹುದು. ಕುದ್ದರೆ ಗುಳ್ಳೆ, ಆಮೇಲೆ ಪೆಡಲ್ ಒತ್ತಿದರೆ ಗುಳ್ಳೆ ಅಮುಕುತ್ತೆ ಅಷ್ಟೇ, ಬ್ರೇಕ್ ಹಿಡಿಯಲ್ಲ. ಒಂದು ಸುತ್ತು ಮೆಲ್ಲಗೆ ಓಡಿಸಿ ತಣಿಸಿ ಒಳಗೆ ತಂದೆ. ಕಾದ ಬ್ರೇಕಿಗೆ ಹ್ಯಾಂಡ್‌ಬ್ರೇಕ್ ಎಳೆಯಬಾರದು ಅಂದರು. ಘಾಟಿ ಲಾರಿ ಕ್ಲೀನರ್ ಹಾಗೆ ಭಾವ ಓಡಿಹೋಗಿ ಆ ಪೋರ್ಷೆ ಗಾಲಿಗೆ ಕಲ್ಲು ಕೊಟ್ಟರು. ನಮ್ಮ ಆವತ್ತಿನ ಓಟ ಅಲ್ಲಿಗೇ ಮುಗಿಯಿತು.

ಮುಂದಿನ ವಾರ ಉಡುಪಿಗೆ ಹೊರಟಿದ್ದೆವು, ನಮ್ಮ ಹಳೇ ವ್ಯಾನಲ್ಲಿ. ಘಾಟಿಯ ಮೊದಲ ತಿರುವಲ್ಲೇ ಕುತ್ತಿಗೆ ತಿರುಗಿಸಿ ಪಕ್ಕದ ಕಿಟಕಿಯಾಚೆ ಕೆಳಗಿನ ರಸ್ತೆ ನೋಡುತ್ತಿದ್ದೆ. ಹೆಂಡತಿ ಕೇಳಿದಳು, 'ರೀ, ರಸ್ತೆ ಮುಂದಿದೆ, ಅಲ್ಲೇನು ಮಂಗ ನೋಡ್ತಿದ್ದೀರಾ?'