ಅಂಕಿ ಆಮೇಲೆ ಬರಲಿ

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದಲ್ಲಿ ಮಗುವಿನ ಬುದ್ಧಿಮತ್ತೆ ಪರೀಕ್ಷೆ ಮಾಡಿ ವರದಿ ಕೈಗೆ ಕೊಟ್ಟ ತಕ್ಷಣ ಅಪ್ಪ ಕೇಳುವ ಮೊದಲ ಮಾತು, ‘ಐಕ್ಯೂ ಎಷ್ಟು ಬಂತು ಮೇಡಂ?’ ಐಕ್ಯೂ ಅಂದರೆ ಆ ಪರೀಕ್ಷೆಯ ಅಂಕಿ. ಎಸ್ಸೆಸ್ಸೆಲ್ಸಿ ರಿಸಲ್ಟ್ ಕೇಳಿದ ಹಾಗೆ. ಇವತ್ತು ನನ್ನ ಜಗಳ ಆ ಪ್ರಶ್ನೆಯ ಜೊತೆ.

1905ರಲ್ಲಿ ಪ್ಯಾರಿಸ್‌ನಲ್ಲಿ ಬಿನೆ ಮತ್ತು ಸೀಮೋನ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಈ ಪರೀಕ್ಷೆ ಕಟ್ಟಿದ್ದೇ ಯಾವ ಮಗುವಿಗೆ ಹೆಚ್ಚು ನೆರವು ಬೇಕು ಅಂತ ತಿಳಿಯೋಕೆ. ಅದನ್ನು ಧಾರವಾಡ ಸೀಮೆಯಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದವರು ವಿ.ವಿ. ಕಾಮತ್, 1930ರ ದಶಕದಲ್ಲಿ. ಬಿನೆ-ಕಾಮತ್ ಅಂತ ಇವತ್ತಿಗೂ ಬಳಕೆಯಲ್ಲಿದೆ. ಧಾರವಾಡದ ಲೆಕ್ಕ! ನಮ್ಮ ಬಾಗೇಪಲ್ಲಿ ಮಗು ಮನೇಲಿ ಆಡೋದು ತೆಲುಗು. ಯಾವ ಭಾಷೇಲಿ ಕೇಳಿದಿರಿ ಅಂತ ಯಾರಾದರೂ ನನ್ನನ್ನು ಕೇಳಬೇಕಲ್ಲ?

ಶಿಡ್ಲಘಟ್ಟದ ಕಡೆಯ ಒಬ್ಬ ಹುಡುಗ, ಏಳು ವರ್ಷ, ಆಟಿಸಂ. ಬಣ್ಣದ ತುಂಡುಗಳನ್ನು ಬೇರೆ ಮಾಡು ಅಂದರೆ ಮೇಜಿನ ಕೆಳಗೆ ಹೋಗಿ ಕೂತ. ಅಮ್ಮ ಮೆಲ್ಲಗೆ ಅಂದರು, ‘ಮನೇಲಿ ಗೂಡು ಆರಿಸ್ತಾನಲ್ಲ.’ ಯಾವ ಗೂಡು? ರೇಷ್ಮೆ ಗೂಡು! ಹುಳ ಗೂಡು ಕಟ್ಟುವ ಚಂದ್ರಿಕೆಯಿಂದ ಬಿಡಿಸಿದ ರಾಶಿಯಲ್ಲಿ, ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡು ಒಂದು ಕಡೆ, ಕಲೆ ಬಿದ್ದದ್ದು ಇನ್ನೊಂದು ಕಡೆ. ಮುಂದಿನ ಸಲ ಒಂದು ಚೀಲ ತರಿಸಿದೆ. ನನ್ನ ಕೊಠಡಿ ಗೂಡಿನ ಮಾರ್ಕೆಟ್ ವಾಸನೆ ಹೊಡೀತಿತ್ತು, ಪಕ್ಕದ ಕೊಠಡಿಯವರು ಮೂಗು ಮುಚ್ಚಿಕೊಂಡರು. ಹುಡುಗ ನನಗಿಂತ ಚೆನ್ನಾಗಿ ಆರಿಸಿದ. ನಾನು ತಪ್ಪಾಗಿ ಹಾಕಿದ್ದನ್ನು ತೆಗೆದು ನನ್ನ ಮುಖ ನೋಡಿದ. ಅಲ್ಲಿವರೆಗೆ ಮುಖ ನೋಡಿರಲಿಲ್ಲ. ಆಮೇಲೆ ಅದೇ ರಾಶಿಯಲ್ಲಿ ಎಣಿಕೆ, ‘ಕೊಡು’ ಅನ್ನೋದು, ಸರದಿ ಕಾಯೋದು. ಎಷ್ಟೋ ತಿಂಗಳು ಹಿಡೀತು. ಪವಾಡವೇನೂ ಇಲ್ಲ, ಮಾತು ಈಗಲೂ ಕಮ್ಮಿ. ಹಾಗಂತ ಮಗೂನ ಕೆಲಸಕ್ಕೆ ಹಚ್ಚಬೇಡಿ, ಅದಕ್ಕೆ ಬೇರೆ ಕಾನೂನಿದೆ!

ತನಗೆ ಗೊತ್ತಿರೋ ಕೆಲಸದಲ್ಲೇ ಬುದ್ಧಿ ಕಾಣುತ್ತೆ ಅನ್ನೋದು ನಾನು ಕಂಡುಹಿಡಿದದ್ದಲ್ಲ. 1930ರ ದಶಕದ ಆರಂಭದಲ್ಲಿ ರಷ್ಯಾದ ಮನಶ್ಶಾಸ್ತ್ರಜ್ಞ ಲೂರಿಯಾ ಉಜ್ಬೇಕಿಸ್ತಾನದ ರೈತರಿಗೆ ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ ತೋರಿಸಿ, ಇದರಲ್ಲಿ ಸೇರದ್ದು ಯಾವುದು ಅಂದ. ಅವನಿಗೆ ಬೇಕಿದ್ದ ಉತ್ತರ ದಿಮ್ಮಿ, ಉಳಿದದ್ದೆಲ್ಲ ಉಪಕರಣ ಅಂತ. ದಿಮ್ಮಿ ಇಲ್ಲದೆ ಗರಗಸ ಯಾಕೆ ಅಂದರು ರೈತರು. ನಮ್ಮಜ್ಜಿಯೂ ಅದನ್ನೇ ಅಂತಿದ್ದಳು.

ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಅಂಕಿ ಬೇಕು, ಬರೆದುಕೊಡ್ತೀನಿ. ಆದರೆ ಮಗು ಏನು ಮಾಡುತ್ತೆ, ಯಾವ ಹಂತದಲ್ಲಿ ನಿಲ್ಲುತ್ತೆ ಅನ್ನೋ ಎರಡು ಪುಟ ಅದೇ ವರದಿಯಲ್ಲಿರುತ್ತೆ. ಟೀಚರ್‌ಗೆ ತೋರಿಸೋದು ಅದನ್ನ.

ಚೀಟಿ ಬಂತು, ಊಟ ರೆಡಿಯಂತೆ. ಓದು, ಬರಹ, ಲೆಕ್ಕ ಕಷ್ಟವಾಗುವ ಕಲಿಕಾ ನ್ಯೂನತೆ ಬಗ್ಗೆ ಹೇಳೋದಿತ್ತು, ಒಂದೇ ಮಾತು: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಅದೂ ಇದೆ, ಆಟಿಸಮ್ಮೂ ಇದೆ. ಆಟಿಸಂ ಇರುವ ಮಗುವಿಗೆ ನಿರಾಮಯ ಅನ್ನೋ ಸರ್ಕಾರಿ ಆರೋಗ್ಯ ವಿಮೆ ಒಂದು ಲಕ್ಷ ರೂಪಾಯಿವರೆಗೆ ಬರುತ್ತೆ, ಅರ್ಜಿ ಹಾಕಿ. ಅಂಗನವಾಡಿ ಅಕ್ಕಂದಿರೇ, ಮಾತು ತಡವಾದ ಮಗುವಿಗೆ ಮನೇಲಿ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾ ‘ಅವರಪ್ಪನೂ ಹಿಂಗೇ’ ಅಂತಾರಲ್ಲ, ಮೊದಲು ಕಿವಿ ಪರೀಕ್ಷೆಗೆ ಕಳಿಸಿ. ಹಿಂದಿನ ಸಾಲಿನ ಅಮ್ಮ ಆಗಿನಿಂದ ಕೈ ಎತ್ತಿದ್ದಾರೆ. ಕೇಳಿ ತಾಯಿ, ಊಟ ಕಾಯುತ್ತೆ.