ತಿಪ್ಪಗೊಂಡನಹಳ್ಳಿಗೆ ನೀರು ಬರುವ ದಾರಿಯನ್ನು ಕಾಯುವವರು ಯಾರು?

[ದೃಶ್ಯ: ಡ್ರೋನ್‌ನಿಂದ ತಿಪ್ಪಗೊಂಡನಹಳ್ಳಿ ಜಲಾಶಯ]

ನಮಸ್ಕಾರ. ಬೆಂಗಳೂರಿಗೆ ನೀರು ಎಲ್ಲಿಂದ ಬರುತ್ತದೆ ಅಂತ ಕೇಳಿದರೆ ಸಣ್ಣ ಮಕ್ಕಳೂ ಕಾವೇರಿ ಅನ್ನುತ್ತಾರೆ. ಆದರೆ ಕಾವೇರಿ ನೀರು ಈ ಊರಿಗೆ ಬಂದಿದ್ದು 1974ರಲ್ಲಿ. ಅದಕ್ಕೂ 80 ವರ್ಷ ಮೊದಲೇ ಇಲ್ಲಿ ಪೈಪಿನಲ್ಲಿ ನೀರು ಹರಿಯುತ್ತಿತ್ತು. ಆ ನೀರು ಅರ್ಕಾವತಿಯದು.

1894ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಹೆಸರಘಟ್ಟದ ನೀರನ್ನು ಸೋಲದೇವನಹಳ್ಳಿಯಿಂದ ಪಂಪ್ ಮಾಡಿ ಊರಿಗೆ ತಂದರು. 1920ರ ದಶಕದಲ್ಲಿ ಅದು ಕೈಕೊಟ್ಟಿತು. ಆಗ ಅರ್ಕಾವತಿಯೂ ಕುಮುದ್ವತಿಯೂ ಸೇರುವ ಕಡೆ ಇನ್ನೊಂದು ಅಣೆಕಟ್ಟೆ ಎದ್ದಿತು. 1933ರ ಚಾಮರಾಜಸಾಗರ, ಅಂದರೆ ಈ ತಿಪ್ಪಗೊಂಡನಹಳ್ಳಿ ಜಲಾಶಯ, ನಮ್ಮ ಬಾಯಲ್ಲಿ ಟಿ.ಜಿ. ಹಳ್ಳಿ. 2012ರ ಹೊತ್ತಿಗೆ ಇಲ್ಲಿಂದ ನಗರಕ್ಕೆ ನೀರು ಕೊಡುವುದೇ ನಿಂತುಹೋಯಿತು. ಏನಾಯಿತು?

[ನಕ್ಷೆ: ನಂದಿ ಬೆಟ್ಟದಿಂದ ಒಂದು ಗೆರೆ, ಶಿವಗಂಗೆಯಿಂದ ಇನ್ನೊಂದು]

ಜಲಾಶಯ ಅಂದರೆ ನಾವು ಕಟ್ಟೆ, ಗೇಟು, ಪಂಪ್‌ಹೌಸ್ ನೋಡುತ್ತೇವೆ. ನೀರು ತಯಾರಾಗುವುದು ಅಲ್ಲಿ ಅಲ್ಲ. ಅರ್ಕಾವತಿ ಹುಟ್ಟುವುದು ನಂದಿ ಬೆಟ್ಟದಲ್ಲಿ, ಕುಮುದ್ವತಿ ಶಿವಗಂಗೆಯಲ್ಲಿ. ಇವೆರಡರ ಜಲಾನಯನ ಪ್ರದೇಶ, ಅಂದರೆ ಮಳೆ ನೀರು ಹರಿದು ಇಲ್ಲಿಗೆ ಸೇರುವ ನೆಲ, ಸುಮಾರು 1,450 ಚದರ ಕಿಲೋಮೀಟರ್. ಹಳೆಯ ಬಿಬಿಎಂಪಿಯ ಹೆಚ್ಚುಕಡಿಮೆ ಎರಡು ಪಟ್ಟು! ದೊಡ್ಡಬಳ್ಳಾಪುರ, ನೆಲಮಂಗಲ ಎಲ್ಲ ಇದರೊಳಗೇ ಇವೆ. ಅಲ್ಲಿ ಬಿದ್ದ ಮಳೆ ಒಂದು ಕೆರೆ ತುಂಬಿ, ಕೋಡಿ ಬಿದ್ದು, ಕೆಳಗಿನ ಕೆರೆಗೆ ಹೋಗಿ, ಅದೂ ಕೋಡಿ ಬಿದ್ದು, ಹೀಗೇ ನೂರಾರು ಕೆರೆ ದಾಟಿಕೊಂಡು ಬರಬೇಕು. ಜೊತೆಗೆ ಮಣ್ಣಲ್ಲಿ ಇಂಗಿದ ನೀರು ಮಳೆ ನಿಂತ ಮೇಲೂ ಹಳ್ಳಕ್ಕೆ ಜಿನುಗಬೇಕು.

ಮಳೆ ಕಮ್ಮಿಯಾಗಿದೆ, ಅದಕ್ಕೇ ನದಿ ಒಣಗಿದೆ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರು ಜೊತೆಗಾರರೊಡನೆ ಇದನ್ನೇ ಕೆದಕಿ ನೋಡಿ 2015ರಲ್ಲಿ ಪ್ರಕಟಿಸಿದರು. ಮಳೆಯ ಮೇಲೆ ತಪ್ಪು ಹೊರಿಸುವಂಥದ್ದೇನೂ ಅವರಿಗೆ ಸಿಗಲಿಲ್ಲ. ಅವರು ಬೆರಳು ತೋರಿಸಿದ್ದು ಬೋರ್‌ವೆಲ್ ಮತ್ತು ನೀಲಗಿರಿ ತೋಪುಗಳ ಕಡೆಗೆ, ಸ್ವಲ್ಪ ಮಟ್ಟಿಗೆ ಹಳ್ಳಕ್ಕೆ ಅಡ್ಡ ಕಟ್ಟಿದ ಸಣ್ಣ ಒಡ್ಡುಗಳ, ಅಂದರೆ ಚೆಕ್ ಡ್ಯಾಮ್‌ಗಳ ಕಡೆಗೆ.

ಬೋರ್‌ವೆಲ್ ವಿಚಾರ ಸರಳ. ತೆರೆದ ಬಾವಿಯಲ್ಲಿ ನೀರು ಕೈಗೆಟುಕುತ್ತಿದ್ದಾಗ ನೆಲದ ನೀರು ಹಳ್ಳಕ್ಕೆ ಇಳಿಯುತ್ತಿತ್ತು. ಈಗ ಸಾವಿರ ಅಡಿ ಕೊರೆದರೂ ಗ್ಯಾರಂಟಿ ಇಲ್ಲ. ಹಳ್ಳದಲ್ಲಿ ನೀರು ಬಂದರೆ ಕೆಳಗಿನ ಮಣ್ಣೇ ಅದನ್ನು ಕುಡಿದುಬಿಡುತ್ತದೆ.

[ಕ್ಲೋಸ್‌ಅಪ್: ನೀಲಗಿರಿ ತೋಪಿನ ನೆಲ, ಒಣ ಎಲೆ, ಕಡಿದ ಬುಡದಿಂದ ಎದ್ದ ನಾಲ್ಕೈದು ಚಿಗುರು]

ನೀಲಗಿರಿ ಬಗ್ಗೆ ಸ್ವಲ್ಪ ನಿಲ್ಲೋಣ. ಈ ಬುಡ ನೋಡಿ. ಒಮ್ಮೆ ನೆಟ್ಟರೆ ಸಾಕು, ಕಡಿದ ಹಾಗೆಲ್ಲ ಮತ್ತೆ ಚಿಗುರುತ್ತದೆ. ನೀರು ಹಾಯಿಸಬೇಕಿಲ್ಲ, ಕಾಯಬೇಕಿಲ್ಲ, ದನ ಬಾಯಿ ಹಾಕುವುದಿಲ್ಲ. ಬೇರು ಮಾತ್ರ ಆಳಕ್ಕೆ ಇಳಿದು, ಇಂಗಬೇಕಿದ್ದ ನೀರನ್ನು ದಾರಿಯಲ್ಲೇ ಹೀರುತ್ತದೆ. ರಾಗಿ ಬೆಳೆಯೋಣ ಅಂದರೆ ಕೂಲಿಗೆ ಜನ ಸಿಗುವುದಿಲ್ಲ, ಮಗ ಪೀಣ್ಯದಲ್ಲಿ ಕೆಲಸಕ್ಕೆ ಸೇರಿದ್ದಾನೆ. ರೈತ ಇನ್ನೇನು ಮಾಡಬೇಕು? ಇನ್ನೊಂದು ತಮಾಷೆ ಏನೆಂದರೆ, ಬೆಂಗಳೂರಲ್ಲಿ ಮನೆ ಕಟ್ಟುವಾಗ ಸೆಂಟ್ರಿಂಗ್‌ಗೆ ನಿಲ್ಲಿಸುವ ಕಂಬ ಈ ಮರದ್ದೇ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಇರುವ ಬುಡಗಳು ಚಿಗುರುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲವಲ್ಲ!

ಇದೆಲ್ಲ ನೀರಿನ ಪ್ರಮಾಣದ ಮಾತು. 2022ರ ಭಾರಿ ಮಳೆಗೆ ಎಷ್ಟೋ ವರ್ಷಗಳ ಮೇಲೆ ಹೆಸರಘಟ್ಟದಲ್ಲಿ ನೀರು ತುಂಬಿತ್ತು, ಜನ ಜಾತ್ರೆಯಂತೆ ನೋಡಲು ಹೋದರು. ಪ್ರಮಾಣ ಹಾಗಾದರೂ ಸರಿಹೋಗಬಹುದು, ಗುಣಮಟ್ಟ ಸರಿಹೋಗುವುದಿಲ್ಲ. ದೊಡ್ಡಬಳ್ಳಾಪುರದ ಕೊಳಚೆಯೂ ಕಾರ್ಖಾನೆಗಳ ನೀರೂ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಗೆ ಬರುತ್ತಿವೆ ಎಂದು ಆ ಊರಿನವರು ವರ್ಷಗಳಿಂದ ಧರಣಿ ಕೂತಿದ್ದಾರೆ. ನಗರದಲ್ಲಿ ಅದು ಸುದ್ದಿಯೇ ಅಲ್ಲ. ಆ ಕೆರೆಗಳು ಅರ್ಕಾವತಿ ಸಾಲಿನವು ಅಂತ ಇಲ್ಲಿ ಎಷ್ಟು ಜನಕ್ಕೆ ಗೊತ್ತು?

ಹಾಗಾದರೆ ಇದನ್ನು ನೋಡಿಕೊಳ್ಳಬೇಕಾದವರು ಯಾರು? ಜಲಾಶಯ ಜಲಮಂಡಳಿಯದು. ದೊಡ್ಡ ಕೆರೆ ಸಣ್ಣ ನೀರಾವರಿ ಇಲಾಖೆಯದು, ಸಣ್ಣ ಕೆರೆ ಪಂಚಾಯಿತಿಯದು. ಕೈಗಾರಿಕೆಗೆ ಜಾಗ ಕೊಡುವವರು ಬೇರೆ, ಅದರ ಹೊಗೆ-ನೀರು ಅಳೆಯುವವರು ಬೇರೆ. ನಂದಿಯಿಂದ ಮಾಗಡಿ ರಸ್ತೆವರೆಗೆ ಇಡೀ ಜಲಾನಯನಕ್ಕೆ ನಾನೇ ಜವಾಬ್ದಾರ ಅನ್ನುವ ಒಂದು ಕುರ್ಚಿಯೂ ಇಲ್ಲ. 2003ರಲ್ಲಿ ಒಂದು ಒಳ್ಳೆಯ ಆದೇಶ ಬಂತು. ಜಲಾನಯನವನ್ನು ನಾಲ್ಕು ವಲಯ ಮಾಡಿ, ಜಲಾಶಯದ ಅಂಚಿಂದ 2 ಕಿಲೋಮೀಟರ್ ಒಳಗೆ, ನದಿಗಳ ಅಕ್ಕಪಕ್ಕ ಕೂಡ, ಕಟ್ಟಡಕ್ಕೆ ಕಡಿವಾಣ ಹಾಕಿತು. 2019ರಲ್ಲಿ ಸರ್ಕಾರವೇ ಆ ಬಫರ್, ಅಂದರೆ ಕಡಿವಾಣ ಇರುವ ಅಂಚಿನ ಪಟ್ಟಿ, ಕಿರಿದು ಮಾಡಲು ಹೊರಟಿತು. ಕಾವೇರಿ ನೀರು ಬರುತ್ತಿರುವಾಗ ನಗರದ ಮಂದಿ ಯಾಕೆ ತಲೆ ಕೆಡಿಸಿಕೊಳ್ಳುತ್ತಾರೆ? ನನಗನ್ನಿಸುವುದು, ಅರ್ಕಾವತಿಯ ನಿಜವಾದ ಸಮಸ್ಯೆ ಶುರುವಾದದ್ದೇ 1974ರಲ್ಲಿ.

[ಪರದೆ ಮೇಲೆ: ನೀರಿನ ಬಿಲ್]

ಇನ್ನೊಂದು ಬಿಕ್ಕಟ್ಟೂ ಇದೆ. ದೊಡ್ಡಬಳ್ಳಾಪುರದ ರೈತರಿಗೆ ಬೋರ್ ನಿಲ್ಲಿಸಿ, ಚೆಕ್ ಡ್ಯಾಮ್ ಬೇಡ, ನೀರು ಕೆಳಗೆ ಬಿಡಿ ಅಂತ ಹೇಳಲು ನಾವು ಯಾರು? ಅವರು ಬೆಳೆದ ಸೊಪ್ಪು-ತರಕಾರಿ ಬರುವುದು ನಮ್ಮ ಮಾರುಕಟ್ಟೆಗೇ. ನ್ಯೂಯಾರ್ಕ್ ನಗರಕ್ಕೂ ಇದೇ ಜಗಳ ಇತ್ತು. 1997ರಲ್ಲಿ ಮೇಲಿನ ಊರುಗಳ ಜೊತೆ ಕೂತು ಒಪ್ಪಂದ ಮಾಡಿಕೊಂಡರು. ಅಲ್ಲಿನ ಕೊಳಚೆ ಘಟಕಗಳಿಗೆ, ಹಸು ಸಾಕುವ ರೈತರ ಕೊಟ್ಟಿಗೆ ಸರಿಪಡಿಸಲು ನಗರವೇ ದುಡ್ಡು ಕೊಟ್ಟಿತು. ಇವತ್ತಿಗೂ ಆ ನಗರದ ಬಹುಪಾಲು ನೀರು ಫಿಲ್ಟರ್ ಘಟಕ ದಾಟದೆ, ಬರೀ ಸೋಂಕು ತೆಗೆದು ಮನೆಗೆ ಬರುತ್ತದೆ. ನಮ್ಮ ನೀರಿನ ಬಿಲ್‌ನಲ್ಲೂ ಒಂದು ಪಾಲು ದೊಡ್ಡಬಳ್ಳಾಪುರದ ಕೊಳಚೆ ಶುದ್ಧೀಕರಣಕ್ಕೆ, ನೀಲಗಿರಿ ಬುಡ ಕಿತ್ತು ಬೇರೆ ಬೆಳೆಗೆ ಹೋಗುವ ರೈತರಿಗೆ ಹೋಗಲಿ ಅನ್ನುವವನು ನಾನು. ಬಿಲ್ ಜಾಸ್ತಿಯಾಗುತ್ತದೆ, ನಿಜ. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕೊಡುವ ದುಡ್ಡಿನ ಲೆಕ್ಕ ಹಾಕಿ ಆಮೇಲೆ ಬೈಯಿರಿ.

ಸರ್ಕಾರದ ಗಮನ ಸದ್ಯಕ್ಕೆ ಬೇರೆ ಕಡೆ ಇದೆ. ಸಕಲೇಶಪುರದ ಕಡೆಯಿಂದ ಎತ್ತಿನಹೊಳೆ ನೀರು ತಂದು ಟಿ.ಜಿ. ಹಳ್ಳಿ ತುಂಬಿಸುವ ಯೋಜನೆ ಇದೆ. ಘಟ್ಟದ ನೀರನ್ನು ಅಷ್ಟು ದೂರದಿಂದ ತಂದು ಕೊಳಚೆ ಸೇರುವ ಜಲಾಶಯಕ್ಕೆ ಬಿಡುವುದಾದರೆ, ಮೊದಲು ಕೊಳಚೆ ನಿಲ್ಲಿಸಬೇಕು ತಾನೇ?

ಕೊನೆಗೊಂದು ಕೆಲಸದ ಮಾತು. ಮಾಗಡಿ ರಸ್ತೆ, ನೆಲಮಂಗಲ, ಹೆಸರಘಟ್ಟ ಕಡೆ ಸೈಟು ನೋಡುತ್ತಿದ್ದೀರಾ? ಸರ್ವೆ ನಂಬರ್ ಟಿ.ಜಿ. ಹಳ್ಳಿ ಜಲಾನಯನದ ಯಾವ ವಲಯದಲ್ಲಿದೆ ಅಂತ ಯೋಜನಾ ಪ್ರಾಧಿಕಾರದಲ್ಲಿ ಲಿಖಿತವಾಗಿ ಕೇಳಿ. ಬ್ರೋಕರ್ ಮಾತು ನಂಬಿ ಸುಮ್ನೆ ಅಡ್ವಾನ್ಸ್ ಕೊಡಬೇಡಿ. ಉತ್ತರ ಏನು ಬಂತು ಅಂತ ಕಾಮೆಂಟಲ್ಲಿ ಹಾಕಿ, ಆ ನಕ್ಷೆಯನ್ನು ಓದುವುದು ಹೇಗೆ ಅಂತ ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ.